ನಡುಗಾಳಿ

ಆ ಊರಿನಲ್ಲಿ ಊಟಕ್ಕೆ ಕುಳಿತವರು ತುತ್ತು ಎತ್ತುವ ಮೊದಲು ಒಬ್ಬರ ದೀಪವನ್ನು ಇನ್ನೊಬ್ಬರು ನೋಡುತ್ತಾರೆ. ಪ್ರತಿಯೊಬ್ಬರ ತಾಟಿನ ಮುಂದೆಯೂ ಒಂದು ಹಣತೆ, ಹಣತೆಯಲ್ಲಿ ಒಂಟಿ ಎಳೆಯ ಬತ್ತಿ. ಗಾಳಿ ನುಗ್ಗದಂತೆ ಕದ ಮುಚ್ಚಿರುತ್ತದೆ. ದೀಪಗಳೆಲ್ಲ ಅಲುಗದೆ ನಿಂತರೆ ಮನೆಯ ಹಿರಿಯರು ‘ಎಲ್ಲಾರೂ ಅದೀರಿ’ ಎನ್ನುತ್ತಾರೆ. ಆಮೇಲಷ್ಟೇ ರೊಟ್ಟಿ ಮುರಿಯುವ ಸದ್ದು. ನಾನು ಸಾತವ್ವನ ಮನೆಯಲ್ಲಿ ಇಳಿದುಕೊಂಡ ಮೊದಲ ಸಂಜೆ ನನ್ನ ಮುಂದೆಯೂ ಒಂದು ಹಣತೆ ಇಟ್ಟು, ಆಕೆ ಬಹಳ ಹೊತ್ತು ಅದನ್ನೇ ದಿಟ್ಟಿಸಿ, ‘ಮಾಸ್ತರು ಅರ್ಧ ಬಂದಾರ, ಇನ್ನರ್ಧ ಹಾದಿಯಾಗ ಅದಾರ. ಉಣ್ಣಲಿ, ಬರತಾರ’ ಎಂದಳು. ಮನೆಯ ಉಳಿದಿಬ್ಬರೂ ನಕ್ಕರು. ಒಬ್ಬ ಸಾತವ್ವನ ತಂಗಿಯ ಮಗ, ನೇಕಾರ ಬನಪ್ಪ. ಇನ್ನೊಬ್ಬಳು ಅವನ ಹೆಂಡತಿ ಇಂದ್ರವ್ವ. ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸಿ, ಸದ್ದಿಲ್ಲದೆ ನಗುವವಳು ಆಕೆ. ಆ ನಗೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ನಾನು ಆ ಊರಿಗೆ ಹೋದದ್ದು ಚುಕ್ಕಿಗಳ ಕಥೆಗಾಗಿ. ಚುಕ್ಕಿಗಳು ಮಿನುಗುವುದೇಕೆ ಎಂಬುದಕ್ಕೆ ನಾನು ತಿರುಗಿದ ಊರುಗಳಲ್ಲೆಲ್ಲ ಒಂದೊಂದು ಉತ್ತರವಿತ್ತು. ಒಂದು ಕಡೆ ಅವು ಚಳಿಗೆ ನಡುಗುತ್ತವೆ. ಇನ್ನೊಂದು ಕಡೆ ಯಾರೋ ಜರಡಿ ಹಿಡಿದು ಕತ್ತಲನ್ನು ಸೋಸುತ್ತಿದ್ದಾರೆ, ಚುಕ್ಕಿಗಳು ಅದರ ತೂತುಗಳು. ಮತ್ತೊಂದು ಕಡೆ ಅವು ನಿದ್ದೆ ತಡೆಯಲಾರದೆ ರೆಪ್ಪೆ ಬಡಿಯುವ ಕಾವಲುಗಾರರ ಕಣ್ಣುಗಳು. ಇವೆಲ್ಲವುಗಳಲ್ಲಿ ದೋಷ, ಅಥವಾ ದುಃಖ, ಇರುವುದು ಚುಕ್ಕಿಯಲ್ಲಿ. ಈ ಊರಿನ ಕಥೆಯೊಂದೇ ಬೇರೆ. ಸಾತವ್ವ ಹೇಳಿದ ಪಾಠವನ್ನು ಆಕೆಯ ಮಾತಿನಲ್ಲೇ ಕೊಡುತ್ತೇನೆ.

‘ಆಗ ಆಕಾಶ ಅನ್ನೂದ ಇರಲಿಲ್ಲ, ಎಲ್ಲಾ ಒಂದ ಪಡಸಾಲಿ. ಒಬ್ಬಾಕಿ ಅವ್ವ, ಆಕಿಗೆ ಎಣಸಲಾರದಷ್ಟು ಹೆಣ್ಣಮಕ್ಕಳು. ಎಲ್ಲಾರೂ ಒಂದ ಪಂಕ್ತಿಗೆ ಕುಂತು ಉಣ್ಣೋರು. ಒಂದಿನ ಕೊನೀಕ ಕುಂತ ಮಗಳ ದೀಪ ನಡಗಿತು. “ಯಾಕವ್ವಾ ನಡಗತಿ, ಚಳಿ ಏನು?” ಅಂದ್ಳು ಅವ್ವ. ಮಗಳು, “ನಾ ನಡಗಾಕತ್ತಿಲ್ಲವ್ವಾ. ನಡು ನಡಗಾಕತ್ತೈತಿ” ಅಂದ್ಳು. ಅವ್ವಗ ತಿಳೀಲಿಲ್ಲ. ಮಗಳಿಗೆ ಕೌದಿ ಹೊಚ್ಚಬೇಕಂತ ಎದ್ದು ಹೊಂಟ್ಳು. ಇನ್ನೂ ಹೊಂಟಾಳ.’

ಕಥೆ ಅಲ್ಲಿಗೆ ಮುಗಿಯಿತು. ಮುಂದೆ ಏನಾಯಿತೆಂದು ಕೇಳಿದ್ದಕ್ಕೆ ಸಾತವ್ವ, ‘ಮುಂದ ಏನಾಗೂದು? ನಿಮಗೂ ಕೌದಿ ಬೇಕೇನು?’ ಎಂದು ಗದರಿದಳು. ಕುಂಬಾರ ಓಣಿಯಲ್ಲಿ ಇದೇ ಕಥೆಯನ್ನು ಹೇಳುವವರು ‘ನಡು’ ಎಂಬುದನ್ನು ಸೊಂಟವೆಂದು ತಿಳಿದು, ಮಗಳಿಗೆ ಸೊಂಟನೋವು ತರಿಸಿ, ತಾಯಿಯ ಕೈಯಲ್ಲಿ ಕೌದಿಯ ಬದಲು ಬಿಸಿ ಎಣ್ಣೆಯ ಬಟ್ಟಲು ಕೊಟ್ಟಿದ್ದಾರೆ. ಅದು ಕೆಟ್ಟ ಪಾಠಾಂತರವೆಂದು ನಾನು ಬಲ್ಲೆ. ಊರಿನ ದಿನಬಳಕೆಯ ಒಂದು ಮಾತೇ ಸಾತವ್ವನ ಪಾಠಕ್ಕೆ ಸಾಕ್ಷಿ. ಇಬ್ಬರ ನಡುವೆ ಇರುವ ಗಾಳಿಗೆ ಅವರು ‘ನಡುಗಾಳಿ’ ಎನ್ನುತ್ತಾರೆ. ಅದು ನಡುವಿನ ಗಾಳಿಯೋ ನಡುಗುವ ಗಾಳಿಯೋ ಎಂದು ವಿಚಾರಿಸಿದರೆ, ಅವೆರಡೂ ಬೇರೆಯೆಂದು ಇವನಿಗೆ ಹೇಗೆ ತೋಚಿತು ಎಂಬಂತೆ ಮುಖ ನೋಡುತ್ತಾರೆ. ಚುಕ್ಕಿ ನಡುಗುವುದಿಲ್ಲ, ದೀಪ ನಡುಗುವುದಿಲ್ಲ. ನಡುವೆ ಗಾಳಿ ಹೆಚ್ಚಾದಾಗ ಬೆಳಕು ನಡುಗಿದಂತೆ ಕಾಣುತ್ತದೆ.

ನಡುವೆ ಗಾಳಿ ಹೆಚ್ಚಾಗುವುದು ಆ ಊರಿನಲ್ಲಿ ಆಕಾಶಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಬೇರೆ ಊರುಗಳಲ್ಲಿ ‘ಆಕೆಗೆ ಜ್ವರ ಬಂದಿದೆ’ ಎನ್ನುವಂತೆ ಇಲ್ಲಿ ‘ಆಕಿಗೆ ದೂರ ಬಂದೈತಿ’ ಎನ್ನುತ್ತಾರೆ. ದೂರ ಬಂದವರು ಎದ್ದು ಎಲ್ಲಿಗೂ ಹೋಗುವುದಿಲ್ಲ. ಕುಳಿತಲ್ಲೇ ಕುಳಿತಿರುತ್ತಾರೆ, ಅದೇ ಚಾಪೆ, ಅದೇ ಗೋಡೆ. ಆದರೆ ಅವರತ್ತ ಚಾಚಿದ ಕೈ ಹೋಗುತ್ತಲೇ ಇರುತ್ತದೆ. ಯಾಕೆ ಬರುತ್ತದೆ, ಯಾರಿಗೆ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಬಂದ ಮೇಲೆ ಏನು ಮಾಡಬೇಕೆಂಬುದು ಮಾತ್ರ ಎಲ್ಲರಿಗೂ ಗೊತ್ತು.

ಬನಪ್ಪನ ಕುಣಿಮಗ್ಗ ಇದ್ದದ್ದು ಪಡಸಾಲೆಯ ಕಿಟಕಿಯ ಕೆಳಗೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಅವನು ಲಾಳಿ ಹೊಡೆಯುತ್ತಿದ್ದರೆ, ಗೋಡೆಗೆ ಒರಗಿ ಇಂದ್ರವ್ವ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವರಿಬ್ಬರ ನಡುವೆ ಇದ್ದದ್ದು ಒಂದು ತೋಳಿನ ಅಂತರ. ಅವನು ತಲೆ ಎತ್ತದೆ ಕೈ ನೀಡುವನು, ಅವಳು ತಲೆ ಎತ್ತದೆ ತುಂಬಿದ ಕಂಡಿಕೆಯನ್ನು ಅದರಲ್ಲಿ ಇಡುವಳು. ಒಂದು ಬೆಳಿಗ್ಗೆ ನಾನು ಅಲ್ಲೇ ಕುಳಿತು ಸಾತವ್ವನಿಂದ ಒಡಪುಗಳನ್ನು ಹೇಳಿಸಿಕೊಳ್ಳುತ್ತಿದ್ದೆ. ಬನಪ್ಪ ನೀಡಿದ ಕೈ ಹಾಗೆಯೇ ಉಳಿಯಿತು.

‘ಏನ ಇಂದ್ರಾ, ಕಂಡಿಕಿ ಎತ್ತಿನಗಾಡ್ಯಾಗ ಬರಾಕತ್ತೈತೇನು?’ ಎಂದ.

ಸ್ವಲ್ಪ ಹೊತ್ತಿನ ಮೇಲೆ ‘ಆಗಳೇ ಕೊಟ್ಟೀನಲ್ರೀ’ ಎಂಬ ಧ್ವನಿ ಬಂತು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ ಕಂಡಿಕೆ ಅವನ ಅಂಗೈಗೆ ಬಂದು ಬಿತ್ತು. ಬನಪ್ಪ ಅದನ್ನು ಲಾಳಿಗೆ ಹಾಕಲಿಲ್ಲ, ಮುಟ್ಟಿ ನೋಡುತ್ತ ಕುಳಿತ. ‘ತಣ್ಣಗಾಗೈತಿ’ ಎಂದು ನನ್ನತ್ತ ತಿರುಗಿ ಹೇಳಿದ. ಅವಳ ಬೆರಳಿನ ಬಿಸಿ ಕಂಡಿಕೆಯ ಮೇಲೆ ಇರುತ್ತಿತ್ತು ಎಂಬುದು ಆ ಮಾತಿನಿಂದಲೇ ನನಗೆ ತಿಳಿದದ್ದು.

ಆ ಸಂಜೆ ಇಂದ್ರವ್ವನ ದೀಪ ನಡುಗಿತು. ಕದ ಹಾಕಿತ್ತು, ಉಳಿದ ಮೂರು ದೀಪಗಳು ಕೆತ್ತಿಟ್ಟಂತೆ ನಿಂತಿದ್ದವು. ಸಾತವ್ವ ‘ಎಲ್ಲಾರೂ ಅದೀರಿ’ ಎನ್ನಲಿಲ್ಲ. ಎದ್ದು ಒಳಗೆ ಹೋಗಿ, ಒಲೆಯ ಕೆಂಡಗಳನ್ನು ಬಾಣಲೆಗೆ ತುಂಬಿಕೊಂಡು ಅಂಗಳಕ್ಕೆ ಒಯ್ದು ಸುರಿದಳು. ದೂರ ಬಂದ ಮನೆಯೊಳಗೆ ಬೆಂಕಿ ಇಡುವುದಿಲ್ಲ. ಬಿಸಿಯಾದ ಗಾಳಿ ಹೆಚ್ಚು ನಡುಗುತ್ತದೆ.

ಆಮೇಲಿನ ದಿನಗಳಲ್ಲಿ ಆ ಮನೆ ಹೇಗೆ ಬದುಕಿತೆಂಬುದನ್ನು ನಾನು ಹತ್ತಿರದಿಂದ ನೋಡಿದೆ. ನೆಲಕ್ಕೆ ಹೊತ್ತು ಹೊತ್ತಿಗೆ ತಣ್ಣೀರು ಚಿಮುಕಿಸಿ ತಂಪು ಇಡುತ್ತಿದ್ದರು. ಸಿಟ್ಟಿನ ಮಾತು ಆಡುವವರು ಹೊಸಿಲ ಹೊರಗೆ ಹೋಗಿ ಆಡಿ ಬರಬೇಕಾಗಿತ್ತು. ಅನ್ನ, ಸಾರು, ಪಲ್ಯ ಯಾವುದನ್ನೂ ಇಂದ್ರವ್ವನತ್ತ ಸರಿಸುವಂತಿರಲಿಲ್ಲ, ಹಾದಿಯಲ್ಲಿ ಹಳಸುತ್ತದೆ. ದೂರದ ಪ್ರಯಾಣಕ್ಕೆ ಕಟ್ಟಿಕೊಡುವ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲದ ಉಂಡೆ ಇವನ್ನೇ, ಒಂದು ತೋಳಿನಾಚೆ ಕುಳಿತವಳ ಕಡೆಗೆ ಸಾತವ್ವ ಬೆಳಿಗ್ಗೆ ಎದ್ದೊಡನೆ ತಳ್ಳುತ್ತಿದ್ದಳು. ಮೊದಮೊದಲು ಅದು ಮಧ್ಯಾಹ್ನದ ಹೊತ್ತಿಗೆ ಮುಟ್ಟುತ್ತಿತ್ತು. ಬರಬರುತ್ತ ಯಾವ ದಿನದ ರೊಟ್ಟಿಯನ್ನು ಅವಳು ಯಾವ ದಿನ ಮುರಿಯುತ್ತಿದ್ದಾಳೆಂದು ಹೇಳುವುದು ಕಷ್ಟವಾಯಿತು. ಅವಳ ಮುಖ ಹರಿಯುವ ನೀರಿನಡಿಯ ಕಲ್ಲಿನಂತೆ ಕಾಣುತ್ತಿತ್ತು. ತುಟಿ ಅಲುಗಿದರೆ ಅದು ಮಾತಿಗೋ ನಡುಗಾಳಿಗೋ ತಿಳಿಯುತ್ತಿರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಮಾತು. ದೀಪ ಹಚ್ಚುವುದು ಎನ್ನುವ ಹಾಗೆ ಆ ಊರಿನವರು ‘ಮಾತು ಹಚ್ಚುವುದು’ ಎನ್ನುತ್ತಾರೆ. ದೂರ ಬಂದವರತ್ತ ಮನೆಯವರು ಯಾರಾದರೊಬ್ಬರು ಮಾತಾಡುತ್ತಲೇ ಇರಬೇಕು. ಏನು ಮಾತು ಎಂಬುದಕ್ಕೆ ನಿಯಮವಿಲ್ಲ. ಮಾತು ನಿಂತರೆ ಆಚೆಯವರಿಗೆ ಮನೆ ಯಾವ ಕಡೆಗಿದೆ ಎಂಬುದೇ ಮರೆತುಹೋಗುತ್ತದೆ ಎಂದು ನಂಬಿಕೆ. ಬನಪ್ಪ ಲಾಳಿಯ ಸದ್ದಿನ ಮೇಲೆ ಧ್ವನಿ ಏರಿಸಿ ಮಾತಾಡುತ್ತಿದ್ದ: ಪಕ್ಕದ ಮನೆಯ ಆಡು ನೂಲಿನ ಲಡಿ ತಿಂದದ್ದು, ಬಣ್ಣದ ಹಂಡೆಯಲ್ಲಿ ಬೆಕ್ಕು ಬಿದ್ದು ಅರ್ಧ ನೀಲಿಯಾಗಿ ತಿರುಗುತ್ತಿರುವುದು, ತಮ್ಮ ಮದುವೆಯಲ್ಲಿ ಅವಳ ಸೋದರಮಾವ ಹೋಳಿಗೆಯ ಮೇಲೆ ಕುಳಿತುಬಿಟ್ಟದ್ದು. ನಗೆ ತಡವಾಗಿ ಬರುತ್ತಿತ್ತು. ಬೆಳಿಗ್ಗೆ ಹೇಳಿದ ಬೆಕ್ಕಿನ ಸಂಗತಿಗೆ ಮರುದಿನ ಅವನು ಮೈಮರೆತು ಎಳೆ ಜೋಡಿಸುತ್ತಿದ್ದಾಗ ಅವಳ ಭುಜ ಕುಲುಕಿದ್ದು ಕಾಣುತ್ತಿತ್ತು. ಅವನು ಕೈಯಲ್ಲಿದ್ದುದನ್ನು ಬಿಟ್ಟು ನೋಡುತ್ತಿದ್ದ.

ಮಾತು ಹಚ್ಚುವುದಕ್ಕೆ ಒಂದೇ ಒಂದು ಕಟ್ಟಳೆ ಇದೆ. ಹೌದು-ಅಲ್ಲ ಎಂದು ಉತ್ತರ ಬರುವಂಥ ಪ್ರಶ್ನೆ ಕೇಳಬಾರದು. ಬನಪ್ಪನಿಗೆ ಇದು ಗೊತ್ತಿಲ್ಲದ್ದೇನಲ್ಲ, ಆದರೆ ಅವನಿಗೆ ತಾಳ್ಮೆ ಸಾಲುತ್ತಿರಲಿಲ್ಲ. ಆಡಿನ ಕಥೆಯ ನಡುವೆಯೇ ತಡೆಯಲಾರದೆ ‘ಹಸಿವಾತೇನು?’ ಎನ್ನುವನು. ‘ಚಳಿ ಐತೇನು?’ ‘ನಾ ಕಾಣಸ್ತೀನೇನು?’ ‘ಭಾಳ ದೂರ ಆಗೈತೇನ ಇಂದ್ರಾ?’

‘ಏ ಬನ್ಯಾ,’ ಸಾತವ್ವ ಒಳಗಿನಿಂದಲೇ ಬೈಯುತ್ತಿದ್ದಳು. ‘ಹೂಂ ಅನ್ನೂವಂಥಾದ್ದು, ಇಲ್ಲ ಅನ್ನೂವಂಥಾದ್ದು ಕೇಳಬ್ಯಾಡಂತ ಎಷ್ಟ ಸರತಿ ಹೇಳಬೇಕೋ? ಯಾವ ಹೂಂ ಯಾವುದಕ್ಕ ಬಂತಂತ ಹೆಂಗ ಗೊತ್ತಾಗಬೇಕು? ಉದ್ದ ಉತ್ತರ ಬರೂವಂಥಾದ್ದ ಕೇಳು. ಹುಳಿಬ್ಯಾಳಿಗೆ ಏನೇನ ಹಾಕತಿ ಅಂತ ಕೇಳು.’

‘ಹುಳಿಬ್ಯಾಳಿ ಕಟಗೊಂಡು ಏನ ಮಾಡ್ಲಿ ದೊಡ್ಡವ್ವಾ? ನನಗ ಬೇಕಾದ್ದು ಹೂಂ ಅನ್ನೂದೊಂದ.’

‘ಅದಕ್ಕ ಬ್ಯಾಡ ಅನ್ನೂದು.’

ಹೀಗಿರುವಾಗ ಇಂದ್ರವ್ವನ ದೀಪಕ್ಕೆ ಬಣ್ಣ ಒಡೆಯಿತು. ಬಯಲಿನಂಚಿಗೆ ಮುಟ್ಟುವಂತಿರುವ ಚುಕ್ಕಿಯನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ನೆತ್ತಿಯ ಮೇಲಿನ ಚುಕ್ಕಿ ಬರಿದೇ ಮಿನುಗಿದರೆ, ಅಂಚಿನ ಚುಕ್ಕಿ ಒಮ್ಮೆ ಕೆಂಪು, ಒಮ್ಮೆ ಹಸಿರು, ಒಮ್ಮೆ ನೀಲಿಯಾಗಿ ಚಿಮ್ಮುತ್ತದೆ. ಅದರ ಬೆಳಕು ದಾಟಬೇಕಾದ ಗಾಳಿ ಅಷ್ಟು ಹೆಚ್ಚು. ಒಂಟಿ ಎಳೆಯ ಆ ಹಣತೆ ಗೋಡೆಯ ಬುಡದಲ್ಲಿ ಹಾಗೆ ಚಿಮ್ಮತೊಡಗಿದ ಸುದ್ದಿ ಮುಚ್ಚಿಡುವಂಥದಲ್ಲ. ಊರ ಹಿರಿಯರ ಪೈಕಿ ದ್ಯಾಮಣ್ಣನೆಂಬವನು ಮರುದಿನವೇ ಬಂದು, ಹೊಸಿಲ ಮೇಲೆ ಕುಳಿತು, ಎಲೆಗೆ ಸುಣ್ಣ ಹಚ್ಚುತ್ತ ಬಹಳ ಹೊತ್ತು ನೇಯ್ಗೆಯ ಮಾತಾಡಿದ. ಏಳುವಾಗ, ‘ಬನಪ್ಪಾ, ಅಮಾಸಿ ಸಂಜೀಕ ಬರತೀವಪಾ. ಬ್ಯಾರೆ ದಾರಿ ಇಲ್ಲ’ ಎಂದ.

ಬಣ್ಣ ಒಡೆದ ದೀಪಕ್ಕೆ ಬೆನ್ನು ಕೊಡುವುದು ಅಲ್ಲಿಯ ಪದ್ಧತಿ. ಹಿರಿಯರ ಎದುರಿನಲ್ಲಿ ಮನೆಯವರೆಲ್ಲ ಆ ದೀಪಕ್ಕೆ ಬೆನ್ನು ತಿರುಗಿಸಿ ಕುಳಿತು ಊಟ ಮುಗಿಸುತ್ತಾರೆ. ಅಂದಿನಿಂದ ದೂರ ಬಂದವರತ್ತ ಮಾತಿಲ್ಲ, ನೋಟವಿಲ್ಲ. ಬೆಳಗಾಗುವುದರೊಳಗೆ ಗೌಂಡಿಗಳು ಇಟ್ಟಿಗೆ, ಗಾರೆ ಹೊತ್ತು ಬರುತ್ತಾರೆ. ಆ ಊರಿನ ಮನೆಗಳಲ್ಲಿ ಕೋಣೆಯೂ ಅಲ್ಲದ, ಕಂಬವೂ ಅಲ್ಲದ, ಸುಣ್ಣ ಬಳಿದ ದಪ್ಪನೆಯ ಮೂಲೆಗಳಿರುತ್ತವೆ. ಅವುಗಳಿಗೆ ಯಾರೂ ಮೊಳೆ ಹೊಡೆಯುವುದಿಲ್ಲ. ಇದು ಕ್ರೌರ್ಯವೆಂದು ನಾನು ಒಮ್ಮೆ ಅಂದಾಗ ಸಾತವ್ವ ಸಿಟ್ಟಾಗಲಿಲ್ಲ. ‘ನಮ್ಮ ಕಣ್ಣು ಅವರ್ನ ಹಿಡದ ಜಗ್ಗತಿರತಾವ್ರಿ ಮಾಸ್ತರ. ಈ ಕಡೆ ಬರಾಕ ಆಗೂದಿಲ್ಲ, ಆ ಕಡೆ ಹೋಗಾಕ ಬಿಡೂದಿಲ್ಲ. ಬಿಟ್ಟರ ಅವರೂ ಎಲ್ಲ್ಯಾರ ಮುಟ್ಟತಾರ’ ಎಂದಳು. ಆಕೆಯ ಮನೆಯಲ್ಲಿಯೂ ಅಡುಗೆಮನೆಯ ಪಕ್ಕ ಅಂಥ ಒಂದು ಮೂಲೆ ಇತ್ತು. ಅದರ ಮುಂದೆ ಹಾದುಹೋಗುವಾಗ ಆಕೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು, ಗಂಡಸರ ಮುಂದೆ ಹಾದುಹೋಗುವಂತೆ.

ಬನಪ್ಪ ಮಗ್ಗದ ಹಾಸಿನ ಮೇಲಿದ್ದ ಸೀರೆಯನ್ನು ಅರ್ಧಕ್ಕೆ ಕತ್ತರಿಸಿ ತೆಗೆದ. ಬಣ್ಣ ಹಾಕದ ಬಿಳಿ ನೂಲು ಹೂಡಿ, ಗೇಣಗಲದ ಒಂದು ಪಟ್ಟಿಯನ್ನು ನೇಯತೊಡಗಿದ. ಏನೆಂದು ಕೇಳಿದ್ದಕ್ಕೆ ‘ಬತ್ತಿ’ ಎಂದ.

‘ದೀಪಕ್ಕ ಒಂಟಿ ಎಳೀದ ಬತ್ತಿ ಹಾಕಬೇಕಂತ ಹಿರ್ಯಾರು ಅಂದದ್ದು ಸುಮ್ಮನೇನು?’ ಎಂದಳು ಸಾತವ್ವ.

‘ಯಾಕ ಅಂದಾರ ಹೇಳು ನೋಡೂಣು.’

ಸಾತವ್ವನಿಗೆ ಗೊತ್ತಿರಲಿಲ್ಲ. ದ್ಯಾಮಣ್ಣನಿಗೂ ಗೊತ್ತಿರಲಿಲ್ಲವೆಂದು ನಾನು ವಿಚಾರಿಸಿ ಬಲ್ಲೆ.

‘ಎಣ್ಣಿ ಉಳೀಲಿ ಅಂತ ಅಂದಾರ, ಮತ್ತೇನಿಲ್ಲ,’ ಎಂದ ಬನಪ್ಪ. ‘ದೊಡ್ಡವ್ವಾ, ಒಂಟಿ ಎಳಿ ಆದ್ರ ಹರೀತೈತಿ. ಅರಿವಿ ಆದ್ರ ಹರಿಯೂದಿಲ್ಲ. ಒಂದ ಎಳಿ ಆ ಕಡೆ ಜಗ್ಗಿದ್ರ ಇನ್ನೊಂದು ಈ ಕಡೆ ಹಿಡಕೊಂತೈತಿ. ನಾ ನೇಕಾರ ಅದೀನಿ, ಇಷ್ಟೂ ನನಗ ಗೊತ್ತಿಲ್ಲೇನು? ಆಕಿ ದೀಪ ನಡಗೂದು ಎಳಿ ಸಣ್ಣದೈತಿ ಅಂತ.’

ಬೆಳಕಿನ ಬಗ್ಗೆ ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅಗಲವಾದ ಬೆಳಕಿನ ಒಂದು ಎಳೆಯನ್ನು ನಡುಗಾಳಿ ಆ ಕಡೆ ಎಳೆದರೆ ಇನ್ನೊಂದು ಎಳೆ ಈ ಕಡೆ ಬೀಳುತ್ತದೆ; ಒಟ್ಟಿನಲ್ಲಿ ಬೆಳಕು ನಿಂತಂತೆ ಕಾಣುತ್ತದೆ. ತಪ್ಪಿದ್ದು ಬೇರೆ ಕಡೆ. ದೀಪ ನಿಂತರೆ ಹೆಂಡತಿ ಹತ್ತಿರ ಬಂದಂತೆ ಎಂದು ಅವನು ತಿಳಿದ. ಹಾಗೆ ತಿಳಿಯದವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಬತ್ತಿಯನ್ನು, ಅದಕ್ಕೆ ತಕ್ಕ ಒಂದು ಅಗಲ ಬಾಯಿಯ ಪರಾತವನ್ನು, ಎಣ್ಣೆಯ ಗಡಿಗೆಯನ್ನು ಅವನು ಅವಳತ್ತ ತಳ್ಳಿದ. ‘ಹಳೇ ದೀಪ ಆರಿಸಿ ಇದನ್ನ ಹಚಗೋ ಇಂದ್ರಾ’ ಎಂಬ ಮಾತನ್ನೂ ಕಳಿಸಿದ. ಅಮಾವಾಸ್ಯೆಯ ತನಕ ಅವು ಹೋಗುತ್ತಲೇ ಇದ್ದವು. ಆ ದಿನಗಳಲ್ಲಿ ಅವನು ಆಡಿದ ಮಾತಿಗೆ ಲೆಕ್ಕವಿಲ್ಲ. ಕೇಳಬಾರದ ಪ್ರಶ್ನೆಗಳಿಗೂ ಲೆಕ್ಕವಿಲ್ಲ.

ಅಮಾವಾಸ್ಯೆಯ ಸಂಜೆ ದ್ಯಾಮಣ್ಣನೂ ಇನ್ನಿಬ್ಬರು ಹಿರಿಯರೂ ಬಂದು ಗೋಡೆಗುಂಟ ಕುಳಿತರು. ತಾಟುಗಳನ್ನು ಹಾಕಿದ್ದಾಗಿತ್ತು. ಹೊರಗೆ ಇನ್ನೂ ಬೆಳಕು ಆರಿರಲಿಲ್ಲ. ಇಂದ್ರವ್ವನ ಹಣತೆ ಕೆಂಪು, ಹಸಿರು ಚಿಮ್ಮುತ್ತಿತ್ತು. ಬನಪ್ಪನ ಕಣ್ಣಿನಲ್ಲಿ ನೀರು ಸುಮ್ಮನೆ ಇಳಿಯುತ್ತಿತ್ತು. ದ್ಯಾಮಣ್ಣ ಗಂಟಲು ಸರಿಪಡಿಸಿಕೊಂಡು ‘ತಿರುಗ್ರಿ’ ಎನ್ನಬೇಕು, ಅಷ್ಟರಲ್ಲಿ ಆ ಹಣತೆ ಆರಿತು. ಒಂದು ಗಳಿಗೆ ಗೋಡೆಯ ಬುಡದಲ್ಲಿ ಏನೂ ಇರಲಿಲ್ಲ. ಆಮೇಲೆ ಗೇಣಗಲದ ಬೆಳಕು ಎದ್ದಿತು.

ಅದು ಒಂದಿಷ್ಟೂ ಅಲುಗಲಿಲ್ಲ. ಚಿನ್ನದ ತಗಡನ್ನು ಗೋಡೆಗೆ ಒರಗಿಸಿದಂತೆ ನಿಂತಿತು. ಅದರ ಪ್ರಕಾಶದ ಹಿಂದೆ ಇಂದ್ರವ್ವನ ಮುಖ ಪೂರ್ತಿ ಕಾಣದಾಯಿತು, ಆದರೆ ಆ ಹೊತ್ತಿನಲ್ಲಿ ಮುಖವನ್ನು ಹುಡುಕಿದವರು ಯಾರು? ಹಿರಿಯರು ಎದ್ದು ನಿಂತರು. ಬನಪ್ಪ ಮೊಣಕಾಲೂರಿ ಮುಂದೆ ಬಾಗಿ, ಎಲ್ಲ ಕಟ್ಟಳೆ ಮರೆತು, ‘ಇಂದ್ರಾ, ಹತ್ತರ ಬಂದೇನ?’ ಎಂದು ಕೂಗಿದ.

ಅವನ ಬಾಯಿ ಇನ್ನೂ ಮುಚ್ಚಿರಲಿಲ್ಲ. ‘ಹೂಂ’ ಎಂಬ ಧ್ವನಿ ಬಂತು.

ದ್ಯಾಮಣ್ಣ ಮೊದಲು ನಕ್ಕ, ಆಮೇಲೆ ಕಣ್ಣೊರೆಸಿಕೊಂಡ. ಎಲ್ಲರೂ ಸಾತವ್ವನತ್ತ ತಿರುಗಿದರು. ಆ ಮಾತನ್ನು ಆಕೆಯೇ ಹೇಳಬೇಕು. ಆಕೆ ಬೆಳಕನ್ನು ನೋಡಿದಳು, ಬನಪ್ಪನ ಮುಖವನ್ನು ನೋಡಿದಳು. ‘ಎಲ್ಲಾರೂ ಅದೀರಿ’ ಎಂದಳು.

ಮರುದಿನ ಬೆಂಕಿ ಮತ್ತೆ ಒಳಗಿನ ಒಲೆಗೆ ಬಂತು. ಗೋಧಿ ಹುಗ್ಗಿ ಮಾಡಿದರು. ಬನಪ್ಪ ಬಿಸಿ ಹುಗ್ಗಿಯ ಬಟ್ಟಲನ್ನು, ಮೇಲೆ ತುಪ್ಪ ಸುರಿದು, ಇಂದ್ರವ್ವನತ್ತ ಸರಿಸಿ ಮಗ್ಗಕ್ಕೆ ಇಳಿದ. ಬಟ್ಟಲು ಮುಟ್ಟಿತೇ ಎಂದು ಅವನು ತಿರುಗಿ ನೋಡಲಿಲ್ಲ. ನಿಂತ ದೀಪವನ್ನು ಕಣ್ಣಾರೆ ಕಂಡ ಮೇಲೆ ಬೇರೆ ಯಾವುದನ್ನಾದರೂ ನೋಡಿ ಪರೀಕ್ಷಿಸುವುದು ಆ ಊರಿನಲ್ಲಿ ಹೆಂಡತಿಯನ್ನು ಅವಮಾನಿಸಿದಂತೆ. ಅರ್ಧಕ್ಕೆ ನಿಂತ ಕೆಲಸ ಬಹಳವಿತ್ತು. ಲಾಳಿ ದಿನವಿಡೀ ಓಡಿತು. ಸಂಜೆ ಅವನು ದಣಿದು, ನಿಂತ ದೀಪವನ್ನೊಮ್ಮೆ ನೋಡಿ, ಉಂಡು ಮಲಗುತ್ತಿದ್ದ. ಆಡಿನ ಕಥೆಗಳು ನಿಂತವು, ಬೆಕ್ಕಿನ ಕಥೆಗಳು ನಿಂತವು. ಹತ್ತಿರವಿರುವ ಹೆಂಡತಿಯ ಜೊತೆ ಯಾವ ಗಂಡಸು ಅಷ್ಟು ಮಾತಾಡುತ್ತಾನೆ? ಅವಳೂ ಏನೂ ಆಡುತ್ತಿರಲಿಲ್ಲ. ದೊಡ್ಡ ಸಂಕಟದಿಂದ ಎದ್ದವರಿಗೆ ಸುಸ್ತು ಇರುತ್ತದೆ ಎಂದುಕೊಂಡರು. ಆ ವಾರ ನಾನು ಆ ಊರನ್ನು ಬಿಟ್ಟೆ.

ಮರುವರ್ಷ ಕೆಲವು ಪಾಠಗಳನ್ನು ತಾಳೆ ನೋಡುವುದಕ್ಕಾಗಿ ಮತ್ತೆ ಹೋದೆ. ಊರ ಮುಂದಿನ ಬಾವಿಯಲ್ಲಿ ನೀರು ಸೇದುತ್ತಿದ್ದ ಒಬ್ಬ ಹೆಂಗಸು, ನಾನು ಕಥೆ ಕೇಳುವವನೆಂದು ತಿಳಿದು, ತಾನಾಗಿ ಒಂದನ್ನು ಹೇಳಿದಳು. ಆಕಾಶದಲ್ಲಿ ನಡುಗದ ಚುಕ್ಕಿಗಳೂ ಕೆಲವು ಇವೆ, ಅವು ಯಾಕೆ ನಡುಗುವುದಿಲ್ಲ ಎಂಬ ಕಥೆ. ‘ಹತ್ತರ ಅದಾವಂತ ತಿಳದೀರೇನು? ಇಲ್ರೀ. ಅಗಲ ಬತ್ತಿ ಹಾಕ್ಯಾರ’ ಎಂದಳು. ಯಾರಿಂದ ಕೇಳಿದ್ದೆಂದು ವಿಚಾರಿಸಿದೆ. ‘ಹಿಂದಿನಿಂದ ಬಂದದ್ದು’ ಎಂದು ಕೊಡ ಎತ್ತಿಕೊಂಡಳು. ಒಂದು ವರ್ಷದ ಹಿಂದೆ ಆ ಕಥೆ ಆ ಊರಿನಲ್ಲಿ ಇರಲಿಲ್ಲ. ಮನೆ ಮನೆಯಲ್ಲಿ ಕೇಳಿ ಬಂದವನು ನಾನು. ಬಾವಿಯಿಂದ ನೇರ ಸಾತವ್ವನ ಮನೆಗೆ ನಡೆದೆ.

ಮನೆಯಲ್ಲಿ ಲಾಳಿಯ ಸದ್ದಿರಲಿಲ್ಲ. ಮಗ್ಗದ ಹಾಸಿನ ಮೇಲೆ ಧೂಳು ಕೂತಿತ್ತು. ಬನಪ್ಪ ಕುಣಿಯಿಂದ ಮೇಲೆ ಬಂದು, ಗೇಣಗಲದ ಆ ಬೆಳಕಿನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತು, ಗೊಗ್ಗರು ಧ್ವನಿಯಲ್ಲಿ ಮಾತಾಡುತ್ತಿದ್ದ. ನಾನು ಒಳಗೆ ಬಂದದ್ದನ್ನೂ ಅವಳಿಗೆ ವರದಿ ಮಾಡಿದ: ‘ಮಾಸ್ತರು ಬಂದ್ರು ನೋಡ ಇಂದ್ರಾ, ಅದ ಹರಕ ಛತ್ರಿ, ಇನ್ನೂ ಹೊಸಾದು ತಗೊಂಡಿಲ್ಲ.’ ಬೆಳಕು ಒಂದಿಷ್ಟೂ ಅಲುಗಲಿಲ್ಲ.

ಸಾತವ್ವ ನನ್ನನ್ನು ಅಂಗಳಕ್ಕೆ ಕರೆದು ಹೇಳಿದಳು.

‘ನೀವು ಹ್ವಾದ ಮ್ಯಾಲೆ ಚಳಿಗಾಲದ ತನಕ ಸುಖ ಇತ್ರಿ. ಒಂದಿನ ಹಗಲಿನಾಗ, ನಾ ಜ್ವಾಳಾ ಹಸನ ಮಾಡಾಕತ್ತಿದ್ದೆ, ಬನ್ಯಾ ನೇಯಾಕತ್ತಿದ್ದ. ಯಾರೂ ಏನೂ ಕೇಳಿರಲಿಲ್ಲ. “ಇಲ್ರೀ” ಅಂದ್ಳು. ಸ್ಪಷ್ಟ. “ಇಲ್ರೀ, ಹತ್ತರ ಬಂದಿಲ್ಲ” ಅಂದ್ಳು.’

ಮೊರದಲ್ಲಿದ್ದ ಜೋಳದಲ್ಲಿ ಆಕೆ ಸುಮ್ಮನೆ ಕೈಯಾಡಿಸುತ್ತಿದ್ದಳು.

‘ಲಾಳಿ ಕೈಯಾಗ ಹಿಡಕೊಂಡ ಕುಂತಿದ್ದ. ಆ ಮ್ಯಾಲೆ ನನ್ನ ಕೇಳಿದ: “ದೊಡ್ಡವ್ವಾ, ಅಮಾಸಿ ದಿನ ಹೂಂ ಅಂದಿದ್ಳಲ್ಲಾ, ಅದು ಯಾವುದಕ್ಕ?” ನಾ ಏನ ಹೇಳಲಿ? ಅದಕ್ಕೂ ಮುಂಚೆ “ಭಾಳ ದೂರ ಆಗೈತೇನು” ಅಂತ ಎಷ್ಟ ಸರತಿ ಕೇಳಿದ್ದನೋ ಏನೋ. ಅವನಿಗೂ ಅದ ನೆನಪಾತು. ಲಾಳಿ ಕೆಳ ಇಟ್ಟ. ಅವತ್ತಿನಿಂದ ಮಾತು ಹಚ್ಯಾನ. ನಿಲ್ಲಿಸೂದಿಲ್ಲ. ನಿದ್ದಿಯಾಗೂ ಬಾಯಿ ಅಲಗತಿರತೈತಿ.’

‘ಹಿರಿಯರು?’ ಎಂದು ಕೇಳಿದೆ.

‘ದ್ಯಾಮಣ್ಣ ಬಂದಿದ್ದ. ನಾನ ಕರಸಿದ್ದೆ. ಬೆನ್ನು ಕೊಡಸು, ಎರಡೂ ಜೀವಕ್ಕ ಬಿಡಗಡಿ ಆಗಲಿ ಅಂದೆ. ದೀಪ ನೋಡಿದ. “ನಿಂತೈತಲ್ಲವ್ವಾ. ನಿಂತ ದೀಪಕ್ಕ ಬೆನ್ನು ಕೊಡೂ ಪದ್ಧತಿ ನಮ್ಮೂರಾಗ ಎಲ್ಲೈತಿ?” ಅಂದ. ಖರೆನ ಐತಲ್ಲ. ಒಂಟಿ ಎಳೀ ಬತ್ತಿ ಒಂದು ಕಳಸೇವಿ. ಆಕಿಗೆ ಮುಟ್ಟಬೇಕು, ಆಕಿ ಹಚಗೋಬೇಕು, ಅದು ನಡಗಬೇಕು, ಬಣ್ಣ ಒಡೀಬೇಕು. ಆಗ ಬರತಾರಂತ.’ ಮೊರವನ್ನು ಕೆಳಗಿಟ್ಟು ಆಕೆ ಹೇಳಿದಳು: ‘ಆ ಹುಗ್ಗಿ ಬಟ್ಟಲ ಇನ್ನೂ ಹೊಂಟೈತ್ರಿ. ನಾ ದಿನಾ ನೋಡತೀನಿ.’

ಎಲ್ಲಕ್ಕಿಂತ ಆಕೆಯನ್ನು ಕಾಡುತ್ತಿದ್ದದ್ದು ಆ ಸುಖದ ದಿನಗಳು. ಅಮಾವಾಸ್ಯೆಯಿಂದ ಚಳಿಗಾಲದ ತನಕ ಈ ಕಡೆಯಿಂದ ಒಂದು ಮಾತೂ ಹೊರಟಿರಲಿಲ್ಲ. ಅಂದರೆ ಬನಪ್ಪನ ಈಗಿನ ಮಾತುಗಳ ಮುಂದೆ ಒಂದು ದೊಡ್ಡ ಬರಿದು ನಡೆದುಹೋಗುತ್ತಿತ್ತು. ಇಂದ್ರವ್ವನನ್ನು ಮೊದಲು ಮುಟ್ಟುವುದು ಅದು. ಅದರ ಹಿಂದಿನಿಂದ ಮಾತುಗಳು ಮುಟ್ಟುವ ಹೊತ್ತಿಗೆ ಅವಳು ಯಾವ ಕಡೆ ತಿರುಗಿರುತ್ತಾಳೆ? ಸಾತವ್ವ ಇದನ್ನು ಬನಪ್ಪನಿಗೆ ಹೇಳಿರಲಿಲ್ಲ. ‘ನೀವೂ ಹೇಳಬ್ಯಾಡ್ರಿ’ ಎಂದಳು.

ಸಂಜೆ ಊಟಕ್ಕೆ ಕುಳಿತೆವು. ಕದ ಹಾಕಿ, ಮೂರು ಹಣತೆಗಳನ್ನಿಟ್ಟರು. ಅವುಗಳಾಚೆ ಆ ಅಗಲ ಬೆಳಕು. ನಾಲ್ಕೂ ನೆಟ್ಟಗೆ ಉರಿಯುತ್ತಿದ್ದವು. ‘ಎಲ್ಲಾರೂ ಅದೀರಿ’ ಎಂಬ ಮಾತಿಗೆ ನಾನು ಕಾದೆ. ಸಾತವ್ವ ತಾಟಿನ ಕಡೆ ನೋಡುತ್ತ ರೊಟ್ಟಿ ಮುರಿದಳು. ಬನಪ್ಪ ಒಂದು ತುತ್ತು ಬಾಯಿಗಿಟ್ಟು, ಅಗಿಯುತ್ತಲೇ, ಬಣ್ಣದ ಹಂಡೆಗೆ ಬಿದ್ದಿದ್ದ ಬೆಕ್ಕು ಮರಿ ಹಾಕಿದ ಸಂಗತಿ ಹೇಳುತ್ತಿದ್ದ: ‘ಒಂದೂ ನೀಲಿ ಇಲ್ಲ ಇಂದ್ರಾ, ಎಲ್ಲಾ ಬಿಳೀವ, ನಾ ಎಷ್ಟು ಆಸೆ ಇಟಗೊಂಡಿದ್ದೆ.’ ಒಣ ರೊಟ್ಟಿ ಗಂಟಲಿಗೆ ಹತ್ತಿಕೊಂಡಿತು. ಅವನು ಕೆಮ್ಮಿದ. ಚೊಂಬು ಎತ್ತಿ, ಕತ್ತು ಮೇಲಕ್ಕೆ ಮಾಡಿ ನೀರು ಕುಡಿಯತೊಡಗಿದ. ಈ ಸಲ ನಾನು ಆ ಮನೆಗೆ ಬಂದ ಮೇಲೆ ಅವನ ಬಾಯಿ ನಿಂತದ್ದು ಅದೇ ಮೊದಲು. ನೀರು ಇಳಿಯುವ ಗುಟುಕಿನ ಸದ್ದು ಮಾತ್ರ ಕೇಳುತ್ತಿತ್ತು.

ಆ ಸದ್ದಿನ ಮೇಲೆ ಇಂದ್ರವ್ವನ ಧ್ವನಿ ಬಂತು. ಸಣ್ಣಗೆ, ಸ್ವಲ್ಪ ಹೆದರಿದಂತೆ:

‘ಯಾಕ್ರೀ, ಸುಮ್ಮನಾದ್ರಿ?’

ಸಾತವ್ವನ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಬಿತ್ತು. ಆಕೆ ನನ್ನನ್ನು ನೋಡಿದಳು, ನಾನು ಆಕೆಯನ್ನು ನೋಡಿದೆ.

ಬನಪ್ಪ ಚೊಂಬನ್ನು ಅರ್ಧಕ್ಕೇ ಇಳಿಸಿದ. ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಖ ಅರಳಿತ್ತು. ಕಳೆದ ವರ್ಷ ಅಮಾವಾಸ್ಯೆಯ ಸಂಜೆ ನಾನು ಕಂಡದ್ದು ಅದೇ ಮುಖ.

‘ಏನಿಲ್ಲ ಇಂದ್ರಾ, ಏನಿಲ್ಲ,’ ಎಂದು ಅವನು ಅವಸರದಿಂದ ಬೆಳಕಿನತ್ತ ಬಾಗಿ ಹೇಳಿದ. ‘ಇಲ್ಲೇ ಅದೀನಿ. ನೀರ ಕುಡಿಯಾಕ ನಿಂತಿದ್ದೆ, ಅಷ್ಟ.’